ಯೆಲ್ಲೋ ಬ್ರೀಚಸ್ ಹೊಳೆಯಲ್ಲಿ ಟ್ರೌಟ್ ಬಿಡುವುದು, ಹಿಡಿಯುವುದು: ನನ್ನ ಅನುಭವ

ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಕಂಬರ್‌ಲೆಂಡ್ ಕೌಂಟಿಯಲ್ಲಿ ಹರಿದು, ನ್ಯೂ ಕಂಬರ್‌ಲೆಂಡ್ ಪಟ್ಟಣದ ಬಳಿ ಸಸ್ಕ್ವಿಹಾನ ನದಿಯನ್ನು ಸೇರುವ ಯೆಲ್ಲೋ ಬ್ರೀಚಸ್ ಎಂಬ ಹೊಳೆಯಲ್ಲಿ ನಾನು ಹಲವು ವರ್ಷಗಳಿಂದ ಗಾಳ ಹಾಕುತ್ತಿದ್ದೇನೆ; ವಸಂತ ಬಂದಾಗ ಅದೇ ಹೊಳೆಗೆ ಮೀನು ಬಿಡುವ ಕೆಲಸಕ್ಕೂ ಸ್ವಯಂಸೇವಕನಾಗಿ ಹೋಗುತ್ತೇನೆ. ಉದ್ಯೋಗಕ್ಕೆಂದು ಈ ಭಾಗಕ್ಕೆ ಬಂದ ಕನ್ನಡಿಗರಲ್ಲಿ ಕೆಲವರಿಗೆ ಮೀನು ಹಿಡಿಯುವ ಆಸೆ ಇದ್ದರೂ ನಿಯಮಗಳ ಪುಸ್ತಕವನ್ನು ಕಂಡೊಡನೆ ಕೈಬಿಡುತ್ತಾರೆ. ಆ ನಿಯಮಗಳು ನಿಜವಾಗಿ ಅರ್ಥವಾಗುವುದು ಮೀನು ಬಿಡುವವರ ಕಡೆಯಿಂದ ನೋಡಿದಾಗಲೇ ಎಂಬುದು ನನ್ನ ಅನುಭವ.

ನಮ್ಮ ಮಲೆನಾಡಿನಲ್ಲಿ ಮುಂಗಾರಿನ ಮೊದಲ ನೆರೆಗೆ ಹಳ್ಳ ಹತ್ತುವ ಮೀನನ್ನು ಹಿಡಿಯುವವರು ಅದನ್ನು ಯಾರೋ ಸಾಕಿ ತಂದು ಬಿಟ್ಟರೆಂದು ಯೋಚಿಸಬೇಕಾಗಿಲ್ಲ. ಇಲ್ಲಿ ಮಾತ್ರ ಗಾಳಕ್ಕೆ ಬೀಳುವ ಟ್ರೌಟ್ ಎಂಬ ತಣ್ಣೀರಿನ ಮೀನುಗಳಲ್ಲಿ ಬಹುಪಾಲು ಸಿಮೆಂಟಿನ ಕಾಲುವೆಗಳಲ್ಲಿ ಬೆಳೆದವು. ಮೀನುಗಾರಿಕೆ, ದೋಣಿಗಳನ್ನು ನೋಡಿಕೊಳ್ಳುವ ರಾಜ್ಯ ಸಂಸ್ಥೆಯಾದ ಪೆನ್ಸಿಲ್ವೇನಿಯದ ಫಿಶ್ ಆ್ಯಂಡ್ ಬೋಟ್ ಕಮಿಷನ್ ವರ್ಷಕ್ಕೆ ಸುಮಾರು 32 ಲಕ್ಷ ಬೆಳೆದ ಟ್ರೌಟ್‌ಗಳನ್ನು ಏಳುನೂರರಷ್ಟು ಹೊಳೆಗಳಿಗೂ ನೂರಕ್ಕೂ ಹೆಚ್ಚು ಕೆರೆಗಳಿಗೂ ಬಿಡುತ್ತದೆ. ಮೊಟ್ಟೆಯಿಂದ ಹೊರಬಂದ ಮರಿ ಸರಾಸರಿ ಹನ್ನೊಂದು ಇಂಚಿನ ಮೀನಾಗಿ ಲಾರಿ ಏರಲು ಸುಮಾರು ಒಂದೂವರೆ ವರ್ಷ ಹಿಡಿಯುತ್ತದೆ. ಇದರ ಖರ್ಚು ರಾಜ್ಯದ ಸಾಮಾನ್ಯ ತೆರಿಗೆಯಿಂದ ಬರುವುದಿಲ್ಲ. ಲೈಸೆನ್ಸ್ ಮತ್ತು ಟ್ರೌಟ್ ಪರ್ಮಿಟ್‌ಗಳ ಶುಲ್ಕ, ಜೊತೆಗೆ 1950ರ ಡಿಂಗೆಲ್-ಜಾನ್ಸನ್ ಕಾಯ್ದೆಯಂತೆ ಗಾಳ, ರೀಲು, ಕೋಲುಗಳ ಮೇಲೆ ವಿಧಿಸುವ ಕೇಂದ್ರ ಸುಂಕದ ಪಾಲು, ಇವೇ ಅದರ ಮುಖ್ಯ ಆಧಾರ. ಹದಿನಾರು ವರ್ಷ ತುಂಬಿದ ಯಾರೇ ಆಗಲಿ ಲೈಸೆನ್ಸಿನ ಜೊತೆಗೆ ಟ್ರೌಟ್ ಪರ್ಮಿಟ್ಟನ್ನೂ ಪ್ರತ್ಯೇಕವಾಗಿ ಕೊಳ್ಳಬೇಕೆಂಬ ನಿಯಮ ಇರುವುದು ಇದಕ್ಕಾಗಿಯೇ. ವಾರಾಂತ್ಯಕ್ಕೆ ನ್ಯೂಜೆರ್ಸಿಯಿಂದ ಬರುವ ಗೆಳೆಯರು ತಮ್ಮ ರಾಜ್ಯದ ಲೈಸೆನ್ಸ್ ಸಾಕೆಂದು ಭಾವಿಸುವುದುಂಟು. ಅದು ಇಲ್ಲಿ ನಡೆಯುವುದಿಲ್ಲ, ಹೊರರಾಜ್ಯದವರ ಲೈಸೆನ್ಸನ್ನು ಬೇರೆಯಾಗಿಯೇ ಪಡೆಯಬೇಕು.

ಮೀನು ಬಿಡುವ ದಿನಾಂಕ, ಸೇರಬೇಕಾದ ಜಾಗ ಮತ್ತು ಸಮಯವನ್ನು ಕಮಿಷನ್ ಮೊದಲೇ ಪ್ರಕಟಿಸುತ್ತದೆ. ನಿಗದಿತ ಸ್ಥಳಕ್ಕೆ ಸರಿಯಾದ ಹೊತ್ತಿಗೆ ಹೋಗಿ ನಿಂತರಾಯಿತು, ಬಕೆಟ್ ಹೊರಲು ಯಾವ ಅರ್ಹತೆಯೂ ಬೇಕಿಲ್ಲ. ಆಮ್ಲಜನಕ ಹಾಯಿಸುವ ತೊಟ್ಟಿಗಳನ್ನು ಹೊತ್ತ ಲಾರಿ ಮುಂದೆ, ಅದರ ಹಿಂದೆ ನಮ್ಮ ವಾಹನಗಳ ಸಾಲು. ಲಾರಿ ನಿಂತಲ್ಲೆಲ್ಲ ಸಿಬ್ಬಂದಿ ಕೈಬಲೆಯಲ್ಲಿ ಮೀನನ್ನು ಮೊಗೆದು ಬಕೆಟ್ಟಿಗೆ ಹಾಕುತ್ತಾರೆ. ಬಕೆಟ್ಟಿನಲ್ಲಿ ನೀರು ಕಡಿಮೆ, ಮೀನು ಹೆಚ್ಚು ಇರುವುದರಿಂದ ದಂಡೆಯವರೆಗೆ ಬೇಗಬೇಗ ನಡೆಯಬೇಕಾಗುತ್ತದೆ. ಮಾರ್ಚ್ ತಿಂಗಳ ಹೆಪ್ಪುಗಟ್ಟಿದ ಕೆಸರಿನಲ್ಲಿ ಅದು ಹೇಳಿದಷ್ಟು ಸುಲಭವಲ್ಲ. ಸೇತುವೆಯ ಮೇಲಿನಿಂದ ಎತ್ತಿ ಸುರಿಯುವವರೂ ಇದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಬಕೆಟ್ಟಿನ ಬಾಯಿಯನ್ನು ನೀರಿನ ಮಟ್ಟಕ್ಕೆ ತಂದು ನಿಧಾನವಾಗಿ ವಾಲಿಸಿದರೆ ಮೀನು ತಾನಾಗಿ ಜಾರಿ ಹೋಗಿ, ತಳಕ್ಕಿಳಿದು, ಹರಿವಿಗೆ ಮುಖ ಮಾಡಿ ನಿಂತುಕೊಳ್ಳುತ್ತದೆ.

ಆ ಕ್ಷಣದಲ್ಲಿ ಮೀನನ್ನು ಹತ್ತಿರದಿಂದ ನೋಡಿದವರಿಗೆ ಸಾಕಿದ ಮೀನು ಯಾವುದು, ಕಾಡು ಮೀನು ಯಾವುದು ಎಂದು ಆಮೇಲೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಿಮೆಂಟಿನ ಗೋಡೆಗೂ ಒಂದಕ್ಕೊಂದಕ್ಕೂ ಉಜ್ಜಿಕೊಂಡು ಬೆಳೆದ ಮೀನಿನ ಬೆನ್ನಿನ ಈಜುರೆಕ್ಕೆ ಮೊಂಡಾಗಿರುತ್ತದೆ, ಎದೆಯ ರೆಕ್ಕೆಗಳ ಕಡ್ಡಿಗಳು ಸೊಟ್ಟಗಾಗಿ ಕೂಡಿಕೊಂಡಿರುತ್ತವೆ, ಬಾಲದ ಅಂಚು ಸವೆದಿರುತ್ತದೆ, ಮೈಬಣ್ಣ ಮಂಕಾಗಿರುತ್ತದೆ. ಹೊಳೆಯಲ್ಲೇ ಹುಟ್ಟಿದ ಬ್ರೌನ್ ಟ್ರೌಟ್‌ನ ರೆಕ್ಕೆಗಳಾದರೋ ಬಿಚ್ಚಿದ ಬೀಸಣಿಗೆಯಂತೆ ಪೂರ್ಣವಾಗಿರುತ್ತವೆ. ಬಾಲದ ಮುಂದಿರುವ ಸಣ್ಣ ಮಾಂಸದ ರೆಕ್ಕೆಯ ಅಂಚಿನಲ್ಲಿ ಸಾಮಾನ್ಯವಾಗಿ ಕಿತ್ತಳೆಗೆಂಪು ಬಣ್ಣ ಎದ್ದು ಕಾಣುತ್ತದೆ. ಈ ವ್ಯತ್ಯಾಸವನ್ನು ಗುರುತಿಸುವ ಕಣ್ಣು ಇದ್ದರೆ ಮೀನನ್ನು ಬುಟ್ಟಿಗೆ ಹಾಕಬೇಕೇ, ನೀರಿಗೆ ಬಿಡಬೇಕೇ ಎಂಬ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಕ್ಕಂತೆ.

ಬಿಡುವ ಮೀನುಗಳಲ್ಲಿ ರೇನ್‌ಬೋ, ಬ್ರೌನ್ ಮತ್ತು ಬ್ರೂಕ್ ಟ್ರೌಟ್‌ಗಳಿರುತ್ತವೆ. ಜೊತೆಗೆ ದೂರದಿಂದಲೇ ಕಣ್ಣಿಗೆ ಹೊಡೆಯುವ ಹಳದಿ ಬಣ್ಣದ ಗೋಲ್ಡನ್ ರೇನ್‌ಬೋ ಕೂಡ ಅಲ್ಲೊಂದು ಇಲ್ಲೊಂದು ಸೇರಿರುತ್ತದೆ. ಇವುಗಳಲ್ಲಿ ಈ ನೆಲಕ್ಕೆ ಸೇರಿದ್ದು ಬ್ರೂಕ್ ಟ್ರೌಟ್ ಮಾತ್ರ. ಅದೇ ರಾಜ್ಯದ ಮೀನು. ರೇನ್‌ಬೋ ಈ ದೇಶದ ಪಶ್ಚಿಮ ಕರಾವಳಿಯ ನದಿಗಳಿಂದ ಬಂದದ್ದು, ಬ್ರೌನ್ ಟ್ರೌಟ್ 1880ರ ದಶಕದಲ್ಲಿ ಜರ್ಮನಿಯಿಂದ ಮೊಟ್ಟೆಯ ರೂಪದಲ್ಲಿ ಅಮೆರಿಕಕ್ಕೆ ಬಂದದ್ದು. ಗೋಲ್ಡನ್ ರೇನ್‌ಬೋ 1950ರ ದಶಕದಲ್ಲಿ ವೆಸ್ಟ್ ವರ್ಜೀನಿಯದ ಸಾಕಣೆ ಕೇಂದ್ರವೊಂದರಲ್ಲಿ ಕಾಣಿಸಿಕೊಂಡ ಬಣ್ಣಭೇದದಿಂದ ಬೆಳೆಸಿದ ತಳಿ. ಅದರ ಬೆನ್ನು ಹತ್ತಿ ಹತ್ತಾರು ಮಂದಿ ಒಂದೇ ಮಡುವಿನ ಸುತ್ತ ಇಡೀ ಬೆಳಗು ಕಳೆಯುವುದನ್ನು ನೋಡಿ ನನಗೆ ನಗುವೂ ಬರುತ್ತದೆ, ಮೀನಿನ ಮೇಲೆ ಕನಿಕರವೂ ಮೂಡುತ್ತದೆ.

ಇನ್ನು ಋತುವಿನ ವಿಚಾರ. ಮೀನು ಬಿಡುವ ಹೊಳೆಗಳಲ್ಲಿ ಫೆಬ್ರವರಿಯ ಮೂರನೆಯ ಸೋಮವಾರದ ನಂತರ ಗಾಳ ಹಾಕುವುದು ನಿಲ್ಲುತ್ತದೆ. ಏಪ್ರಿಲ್‌ನ ಮೊದಲ ಶನಿವಾರ ಬೆಳಗ್ಗೆ 8 ಗಂಟೆಗೆ ಋತು ತೆರೆಯುತ್ತದೆ. ಆಗ್ನೇಯ ಭಾಗದ ಕೌಂಟಿಗಳಿಗೆ ಮೊದಲು, ಉಳಿದವಕ್ಕೆ ಆಮೇಲೆ ಎಂಬ ಹಳೆಯ ಪದ್ಧತಿ ಹೋಗಿ 2022ರಿಂದ ಇಡೀ ರಾಜ್ಯಕ್ಕೆ ಒಂದೇ ದಿನ ಗೊತ್ತಾಗಿದೆ. ನಡುವಿನ ಈ ಬಿಡುವಿನಲ್ಲೇ ಮೊದಲ ಕಂತಿನ ಮೀನು ಹೊಳೆ ಸೇರುವುದು. ಹೊಸದಾಗಿ ಬಿಟ್ಟ ಮೀನು ಕೆಲವು ದಿನ ಗುಂಪು ಬಿಡದೆ ಒಂದೇ ಕಡೆ ನಿಲ್ಲುತ್ತದೆ, ಬಿದ್ದದ್ದಕ್ಕೆಲ್ಲ ಬಾಯಿ ಹಾಕುತ್ತದೆ. ಆ ಹೊತ್ತಿನಲ್ಲಿ ಗಾಳಕ್ಕೆ ಅವಕಾಶವಿದ್ದರೆ ಲಾರಿಯ ಹಿಂದೆಯೇ ಬಂದವರು ಮೊದಲ ದಿನವೇ ಮಡು ಬರಿದು ಮಾಡಿಬಿಡುತ್ತಿದ್ದರು. ಲಾರಿ ಹೊರಟ ಮೇಲೂ ನೀರನ್ನೇ ದಿಟ್ಟಿಸುತ್ತ ನಿಲ್ಲುವವರನ್ನು ಕಂಡವನಾದ್ದರಿಂದ ಇದನ್ನು ಬರಿಯ ಊಹೆಯಿಂದ ಬರೆಯುತ್ತಿಲ್ಲ. ಋತು ತೆರೆಯುವುದಕ್ಕೆ ಒಂದು ವಾರ ಮುಂಚಿನ ಶನಿವಾರ ಮಕ್ಕಳಿಗೆ ಮೀಸಲಾಗಿದ್ದು, ಹದಿನಾರರೊಳಗಿನವರು ದೊಡ್ಡವರ ಜೊತೆ ಬಂದು ಎರಡು ಮೀನು ಇಟ್ಟುಕೊಳ್ಳಬಹುದು. ಮನೆಯ ಮಕ್ಕಳನ್ನು ಮೊದಲ ಬಾರಿಗೆ ಹೊಳೆಗೆ ಕರೆತರುವವರಿಗೆ ನೂಕುನುಗ್ಗಲಿಲ್ಲದ ಈ ದಿನವನ್ನೇ ನಾನು ಸೂಚಿಸುತ್ತೇನೆ.

ಋತುವಿನ ಮೊದಲ ದಿನ ಏಳು ಗಂಟೆಗೇ ದಂಡೆಯುದ್ದಕ್ಕೂ ಜನ ಭುಜಕ್ಕೆ ಭುಜ ತಾಗುವಂತೆ ನಿಂತಿರುತ್ತಾರೆ. ಗಂಟೆ ಎಂಟಾಗುವವರೆಗೆ ಒಬ್ಬರ ದಾರವೂ ನೀರಿಗೆ ಬೀಳುವಂತಿಲ್ಲ. ಪಕ್ಕದವರ ದಾರದ ಮೇಲೆ ನಮ್ಮ ದಾರ ಹಾಯದಂತೆ ನೇರ ಎದುರಿಗೆ ಎಸೆಯುವುದು, ಯಾರಾದರೂ ಮೀನು ಎಳೆಯುತ್ತಿದ್ದರೆ ನಮ್ಮ ದಾರವನ್ನು ಸುತ್ತಿಕೊಂಡು ದಾರಿ ಬಿಡುವುದು ಯಾವ ಪುಸ್ತಕದಲ್ಲೂ ಇರದ, ಆದರೆ ಎಲ್ಲರೂ ನಿರೀಕ್ಷಿಸುವ ನಡತೆ. ಎರೆಹುಳು, ಜೋಳದ ಕಾಳು, ಡಬ್ಬಿಯಲ್ಲಿ ಸಿಗುವ ಬಣ್ಣದ ಹಿಟ್ಟು ಎಲ್ಲಕ್ಕೂ ಸಾಮಾನ್ಯ ಭಾಗಗಳಲ್ಲಿ ಅನುಮತಿ ಇದೆ. ಬೇಸಿಗೆಯ ಕೊನೆಯ ಲೇಬರ್ ಡೇವರೆಗೆ, ಅಂದರೆ ಸೆಪ್ಟೆಂಬರ್ ತಿಂಗಳ ಮೊದಲ ಸೋಮವಾರದವರೆಗೆ, ದಿನಕ್ಕೆ ಐದು ಟ್ರೌಟ್, ಒಂದೊಂದೂ ಕನಿಷ್ಠ ಏಳು ಇಂಚು; ಅಲ್ಲಿಂದ ಫೆಬ್ರವರಿಯವರೆಗೆ ದಿನಕ್ಕೆ ಮೂರು. ಈ ಐದು ಎಲ್ಲ ಜಾತಿಯ ಟ್ರೌಟ್ ಸೇರಿ ಐದು ಎಂಬುದನ್ನು ಹೊಸಬರು ಗಮನಿಸಬೇಕು. ನನ್ನ ಮಟ್ಟಿಗೆ ಐದು ಎಂಬುದು ಧಾರಾಳವಾಯಿತು. ನಾನು ಎರಡು ಇಟ್ಟುಕೊಂಡರೆ ಮನೆಗೆ ಸಾಕಾಗುತ್ತದೆ. ಸಾಕಿದ ರೇನ್‌ಬೋದ ಮಾಂಸ ಸಪ್ಪೆ, ಹುಣಿಸೆರಸ, ಮೆಣಸಿನಪುಡಿ ಸವರಿ ರವೆಯಲ್ಲಿ ಹೊರಳಿಸಿ ಹುರಿದರೆ ಮಾತ್ರ ನಮ್ಮ ಬಾಯಿಗೆ ಹಿಡಿಸುತ್ತದೆ.

ಒಂದೇ ಹೊಳೆಯಲ್ಲಿ ಮೈಲಿಗೊಂದು ನಿಯಮ ಯಾಕೆ ಎಂದು ಕೇಳುವವರಿಗೆ ಯೆಲ್ಲೋ ಬ್ರೀಚಸ್ಸೇ ಉತ್ತರ ಹೇಳುತ್ತದೆ. ಬಾಯ್ಲಿಂಗ್ ಸ್ಪ್ರಿಂಗ್ಸ್ ಊರಿನ ಚಿಲ್ಡ್ರನ್ಸ್ ಲೇಕ್‌ನಿಂದ ಹೊರಬೀಳುವ ನೀರು ಹೊಳೆಗೆ ಸೇರುವ ಕಡೆಯಿಂದ ಅಲೆನ್‌ಬೆರಿಯ ಕಡೆಗೆ ಸುಮಾರು ಒಂದು ಮೈಲಿ ಉದ್ದಕ್ಕೆ ಹಿಡಿದದ್ದನ್ನೆಲ್ಲ ಬಿಟ್ಟುಬಿಡಬೇಕು, ಕೃತಕ ಹುಳು ಅಥವಾ ಲೋಹ, ಪ್ಲಾಸ್ಟಿಕ್‌ಗಳ ತೋರುಮೀನನ್ನಷ್ಟೇ ಬಳಸಬೇಕು. ಸುಣ್ಣಕಲ್ಲಿನ ನೆಲದಡಿಯಿಂದ ಉಕ್ಕುವ ಬುಗ್ಗೆಯ ನೀರು ವರ್ಷವಿಡೀ ತಣ್ಣಗಿರುವುದರಿಂದ ಅಲ್ಲಿ ಮೀನು ಬೇಸಿಗೆಯನ್ನೂ ದಾಟಿ ಬದುಕುತ್ತದೆ. ಬಿಟ್ಟ ಮೀನು ಮತ್ತೆ ಮತ್ತೆ ಸಿಗುತ್ತದೆ. ಬುಗ್ಗೆಯ ಆಸರೆ ಇಲ್ಲದ ಹೊಳೆಗಳಲ್ಲಿ ಜುಲೈ ಹೊತ್ತಿಗೆ ನೀರಿನ ಉಷ್ಣತೆ 68 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 20 ಡಿಗ್ರಿ ಸೆಲ್ಸಿಯಸ್ ದಾಟಿ, ನೀರಿನಲ್ಲಿ ಕರಗಿದ ಆಮ್ಲಜನಕ ಕಡಿಮೆಯಾಗಿ ಟ್ರೌಟ್ ಒದ್ದಾಡುತ್ತದೆ. ಹಾಗಾಗಿಯೇ ರಾಜ್ಯದ ಇನ್ನು ಕೆಲವು ಹೊಳೆಗಳಲ್ಲಿ ‘ತಡವಾಗಿ ಕೊಯ್ಲು’ ಎಂಬ ವ್ಯವಸ್ಥೆ ಇದೆ: ಲೇಬರ್ ಡೇ ಕಳೆದಂದಿನಿಂದ ಜೂನ್ 14ರವರೆಗೆ ಹಿಡಿದದ್ದನ್ನೆಲ್ಲ ಬಿಡಬೇಕು, ಜೂನ್ 15ರಿಂದ ಲೇಬರ್ ಡೇವರೆಗೆ ದಿನಕ್ಕೆ ಕನಿಷ್ಠ ಒಂಬತ್ತು ಇಂಚಿನ ಮೂರು ಮೀನು ಇಟ್ಟುಕೊಳ್ಳಬಹುದು. ವಸಂತದಲ್ಲಿ ಒಂದೇ ಮೀನು ಹಲವರ ಗಾಳಕ್ಕೆ ಸಿಗಲಿ, ಬಿಸಿಲು ಏರಿ ಅದು ಹೇಗೂ ಸಾಯುವ ಕಾಲ ಬಂದಾಗ ಯಾರದಾದರೂ ಬಾಣಲೆ ಸೇರಲಿ ಎಂಬ ಲೆಕ್ಕ ಇದರಲ್ಲಿದೆ.

ಇದನ್ನು ತಿಳಿದುಕೊಂಡ ಮೇಲೆ, ಹಿಡಿದ ಮೀನನ್ನು ಬಿಡುವುದೇ ಪುಣ್ಯ, ತಿನ್ನುವುದೇ ಪಾಪ ಎಂಬ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಬೇಸಿಗೆಯಲ್ಲಿ ಬಿಸಿಯಾಗುವ ಹೊಳೆಗೆ ಬಿಟ್ಟ ಸಾಕು ಮೀನನ್ನು ನಿಯಮದ ಮಿತಿಯೊಳಗೆ ತಿಂದರೆ ಯಾರಿಗೂ ನಷ್ಟವಿಲ್ಲ. ಕಾಡು ಮೀನಿನ ಮಾತು ಬೇರೆ. ಕಾರ್ಲೈಲ್ ಊರಿನೊಳಗೆ ಹರಿಯುವ ಲೆಟಾರ್ಟ್ ತೊರೆಯಲ್ಲಿ ಬ್ರೌನ್ ಟ್ರೌಟ್ ತಾನೇ ಹುಟ್ಟಿ ಬೆಳೆಯುತ್ತದೆ. ಅಂಥ ನೀರಿಗೆ ಸಾಕು ಮೀನನ್ನು ತಂದು ಸುರಿದರೆ ಜಾಗಕ್ಕೂ ಆಹಾರಕ್ಕೂ ಪೈಪೋಟಿ ಏರ್ಪಡುತ್ತದೆಯಲ್ಲದೆ ರೋಗವೂ ಹರಡಬಹುದು. ಕಾಡು ಟ್ರೌಟ್ ಸಮೃದ್ಧವಾಗಿರುವ ಮೊದಲ ದರ್ಜೆಯ ಹೊಳೆಗಳಿಗೆ ಸಾಮಾನ್ಯವಾಗಿ ಮೀನು ಬಿಡದಿರುವುದು ಈ ಕಾರಣಕ್ಕೇ. ನ್ಯೂವಿಲ್ ಬಳಿಯ ಬಿಗ್ ಸ್ಪ್ರಿಂಗ್‌ನ ಕಥೆ ಇನ್ನೂ ಪಾಠ ಕಲಿಸುವಂಥದು: ಬುಗ್ಗೆಯ ಬುಡದಲ್ಲೇ ಇದ್ದ ಸಾಕಣೆ ಕೇಂದ್ರದ ತ್ಯಾಜ್ಯ ನೀರಿನಿಂದ ಕೆಳಗಿನ ಬ್ರೂಕ್ ಟ್ರೌಟ್‌ಗೆ ತೊಂದರೆಯಾಗಿ, ಕೊನೆಗೆ 2001ರಲ್ಲಿ ಆ ಕೇಂದ್ರವನ್ನೇ ಮುಚ್ಚಬೇಕಾಯಿತು, ಆ ಬಳಿಕ ಕಾಡು ಮೀನು ಚೇತರಿಸಿಕೊಂಡಿತು.

ಬಿಡಬೇಕಾದ ಮೀನನ್ನು ಬಿಡುವುದಕ್ಕೂ ಒಂದು ಕ್ರಮವಿದೆ. ಒಣ ಕೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಕಿತ್ತು ಹೋಗಿ ಬೂಸ್ಟು ಹತ್ತುತ್ತದೆ, ಆದ್ದರಿಂದ ಮೊದಲು ಕೈ ಒದ್ದೆ ಮಾಡಿಕೊಳ್ಳಬೇಕು. ಗಾಳದ ಮುಳ್ಳನ್ನು ಇಕ್ಕಳದಿಂದ ಮೊದಲೇ ಒತ್ತಿ ಚಪ್ಪಟೆ ಮಾಡಿಟ್ಟರೆ ಮೀನನ್ನು ನೀರಿನಿಂದ ಎತ್ತದೆಯೇ ಬಿಡಿಸಬಹುದು. ಗಂಟಲೊಳಗೆ ಇಳಿದ ಗಾಳವನ್ನು ಜಗ್ಗದೆ ದಾರವನ್ನೇ ಕತ್ತರಿಸಬೇಕು. ಸಣ್ಣ ಥರ್ಮಾಮೀಟರೊಂದನ್ನು ನಾನು ಸದಾ ಜೇಬಿನಲ್ಲಿ ಇಟ್ಟುಕೊಂಡಿರುತ್ತೇನೆ; ನೀರು 68 ದಾಟಿದ ದಿನ ಟ್ರೌಟ್‌ನ ಸಹವಾಸ ಬೇಡವೆಂದು ಬೇರೆ ಮೀನಿನ ಕಡೆ ಹೋಗುತ್ತೇನೆ.

ಇಷ್ಟಾಗಿಯೂ ಇಡೀ ವ್ಯವಸ್ಥೆ ನಿಂತಿರುವುದು ಲೈಸೆನ್ಸಿನ ಮೇಲಲ್ಲ, ದಂಡೆಯ ಜಮೀನಿನ ಮಾಲೀಕರ ಮೇಲೆ. ಹೊಳೆಯ ಮೀನು ಸಾರ್ವಜನಿಕವಾದರೂ ಅದರ ದಂಡೆ ಬಹಳ ಕಡೆ ಖಾಸಗಿ ಆಸ್ತಿ. ಶುಲ್ಕ ಪಡೆಯದೆ ಜನರನ್ನು ಒಳಬಿಡುವ ಮಾಲೀಕರ ಹೊಣೆಗಾರಿಕೆಯನ್ನು 1966ರ ರಾಜ್ಯ ಕಾಯ್ದೆ ಮಿತಿಗೊಳಿಸಿದೆ, ಹಾಗಾಗಿ ಹಲವರು ಬೇಲಿ ಹಾಕದೆ ಬಿಟ್ಟಿದ್ದಾರೆ. ಆದರೆ ಜೋಳದ ಖಾಲಿ ಡಬ್ಬಿ, ಸಿಕ್ಕುಗಟ್ಟಿದ ನೈಲಾನ್ ದಾರ, ಗದ್ದೆಯ ಗೇಟಿಗೆ ಅಡ್ಡ ನಿಲ್ಲಿಸಿದ ಕಾರು ಇವುಗಳಿಂದ ಬೇಸತ್ತು ಒಬ್ಬರು ‘ಪ್ರವೇಶವಿಲ್ಲ’ ಎಂಬ ಫಲಕ ಹಾಕಿದರೆ ಸಾಕು, ಆ ಭಾಗಕ್ಕೆ ಲಾರಿ ಬರುವುದು ನಿಲ್ಲುತ್ತದೆ. ಜನ ಹೋಗಲಾಗದ ಕಡೆ ಜನರ ಹಣದ ಮೀನು ಬಿಡುವುದು ನ್ಯಾಯವೂ ಅಲ್ಲ. ಮೀನು ಬಿಡಲು ಬರುವ ನಾವು ಒಂದು ಕೈಯಲ್ಲಿ ಬಕೆಟ್ಟು ಹಿಡಿದರೆ ಇನ್ನೊಂದು ಕೈಗೆ ಕಸದ ಚೀಲ ಹಿಡಿಯುವುದು ರೂಢಿಯಾಗಿದೆ. ಜಲಮಾರ್ಗ ಸಂರಕ್ಷಣಾ ಅಧಿಕಾರಿ ಎದುರಾದರೆ ಲೈಸೆನ್ಸ್ ತೋರಿಸಬೇಕು. ಅವರು ಬುಟ್ಟಿಯ ಮೀನನ್ನು ಎಣಿಸಿ ಅಳೆದು ನೋಡುವುದುಂಟು, ಅದಕ್ಕೆ ಬೇಸರಪಡಬೇಕಿಲ್ಲ.

ಶರತ್ಕಾಲದಲ್ಲಿ ಕೆಲವು ಹೊಳೆಗಳಿಗೆ ಇನ್ನೊಂದು ಸುತ್ತು ಮೀನು ಬರುತ್ತದೆ. ಆಗ ಜನ ತೀರ ಕಡಿಮೆ, ನೀರು ತಿಳಿ, ನನಗೆ ಇಷ್ಟವಾದ ಕಾಲವೂ ಅದೇ. ಕಾಡು ಬ್ರೌನ್ ಮತ್ತು ಬ್ರೂಕ್ ಟ್ರೌಟ್‌ಗಳು ಮೊಟ್ಟೆಯಿಡುವುದೂ ಈ ತಿಂಗಳುಗಳಲ್ಲೇ ಆದ್ದರಿಂದ ಹೊಳೆಗಿಳಿದು ನಡೆಯುವವರು ತಳದ ಜಲ್ಲಿಯನ್ನು ನೋಡಿಕೊಂಡು ಹೆಜ್ಜೆ ಇಡಬೇಕು: ಸುತ್ತಲಿನ ಪಾಚಿಗಟ್ಟಿದ ಕಲ್ಲುಗಳ ನಡುವೆ ತೊಳೆದಿಟ್ಟಂತೆ ಬೆಳ್ಳಗಿರುವ ಜಲ್ಲಿಯ ತುಣುಕು ಕಂಡರೆ ಅದರೊಳಗೆ ಮೊಟ್ಟೆ ಇದೆಯೆಂದು ತಿಳಿದು ದಂಡೆ ಹತ್ತಿ ಸುತ್ತು ಹಾಕಿ ಹೋಗಬೇಕು.