ಹೋಟೆಲ್ ಬಿಲ್ ಹಂಚಿಕೊಳ್ಳುವವರಿಗೆ ಒಂದು ಸಲಹೆ

ಮುಂಬೈಯ ಮಾಟುಂಗಾದಲ್ಲಾಗಲಿ ಅಂಧೇರಿಯಲ್ಲಾಗಲಿ ನಮ್ಮ ಬಳಗದವರು ಒಟ್ಟಾಗಿ ಊಟಕ್ಕೆ ಕುಳಿತಾಗ, ಬಿಲ್ಲನ್ನು ತಲೆಗಿಷ್ಟೆಂದು ಹಂಚುವ ಬದಲು ಪ್ರತಿಯೊಬ್ಬರೂ ತಾವು ತರಿಸಿಕೊಂಡದ್ದರ ಬೆಲೆಗೆ ಜಿಎಸ್‌ಟಿ ಸೇರಿಸಿ ಕೊಡುವುದು ನ್ಯಾಯ. ಸಾಮಾನ್ಯ ಹೋಟೆಲುಗಳಲ್ಲಿ ಅದು ಶೇ. 5, ಅಂದರೆ 400 ರೂಪಾಯಿಯ ಊಟಕ್ಕೆ 420 ರೂಪಾಯಿ. ಮದ್ಯಕ್ಕೆ ಜಿಎಸ್‌ಟಿ ಇಲ್ಲ, ರಾಜ್ಯದ ವ್ಯಾಟ್ ಬೀಳುತ್ತದೆ. ಆದ್ದರಿಂದ ಅದನ್ನು ಕುಡಿದವರ ಲೆಕ್ಕಕ್ಕೇ ಬರೆಯಬೇಕು, ಕುಡಿಯದ ಹಿರಿಯರ ಮೇಲೆ ಹೇರುವುದು ನನಗಂತೂ ಸರಿಕಾಣುವುದಿಲ್ಲ. ಟಿಪ್ಸ್ ಇಡುವ ಮೊದಲು ಬಿಲ್ಲಿನಲ್ಲಿ ಸೇವಾ ಶುಲ್ಕ ಸೇರಿದೆಯೇ ಎಂದು ದಯವಿಟ್ಟು ನೋಡಿ. ಗ್ರಾಹಕರನ್ನು ಕೇಳದೆ ಅದನ್ನು ಸೇರಿಸಕೂಡದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರ ಜುಲೈಯಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ. ಹೋಟೆಲಿನವರು ಅದನ್ನು ತೆಗೆಯಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಟಿಪ್ಸನ್ನು ಮಾತ್ರ ಎಲ್ಲರೂ ಸಮನಾಗಿ ಹಾಕಿ, ಸಪ್ಲೈಯರ್ ಕೈಗೇ ನಗದಾಗಿ ಕೊಡಿ.