ವೀಸಾ ಬೇಡದವರಿಗೂ ಬೇಕು ಇಟಿಎ: ಅರ್ಜಿ ಹಾಕುವ ಮೊದಲು ಮತ್ತು ಹಾಕುವಾಗ

ಅಮೆರಿಕದ ಶಾಲೆಗಳಿಗೆ ರಜೆ ಬರುವುದು ನಮ್ಮ ಮಳೆಗಾಲದಲ್ಲಿ. ಶಿರಸಿ, ಸಿದ್ದಾಪುರ, ಕುಮಟಾ ಕಡೆಯ ಮನೆಗಳಿಗೆ ಮಕ್ಕಳು ಮೊಮ್ಮಕ್ಕಳು ಆಗಲೇ ಬರುತ್ತಾರೆ, ಮರಳುವಾಗ ಲಂಡನ್ನಿನಲ್ಲಿ ಎರಡು ದಿನ ಇಳಿದು ಹೋಗೋಣ ಎಂಬ ಯೋಚನೆಯೂ ಹುಟ್ಟುತ್ತದೆ. ನಮ್ಮ ಮನೆಯಲ್ಲಿ ಹಾಗೆ ಹೊರಟಾಗ, ಅಮೆರಿಕದಲ್ಲಿ ಹುಟ್ಟಿದ ಐದು ವರ್ಷದ ಮೊಮ್ಮಗಳಿಗೆ ಇಟಿಎ ಎಂಬ ಮುಂಗಡ ಅನುಮತಿ ಸಾಕು, ಆದರೆ ಭಾರತದ ಪಾಸ್‌ಪೋರ್ಟ್ ಇರುವ ಅವಳ ಅಪ್ಪ-ಅಮ್ಮನಿಗೆ ವೀಸಾವೇ ಆಗಬೇಕು ಎಂಬುದು ಟಿಕೆಟ್ ಕಾಯ್ದಿರಿಸಿದ ಮೇಲೆ ತಿಳಿಯಿತು. ಆದ್ದರಿಂದ ಅರ್ಜಿಯ ವಿವರಕ್ಕೆ ಹೋಗುವ ಮೊದಲು, ಇಟಿಎ ಯಾರಿಗೆ ಎಂಬುದನ್ನೇ ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು.

ವೀಸಾ ಇಲ್ಲದೆ ಬರಲು ಅವಕಾಶವಿರುವ ದೇಶಗಳ ಪ್ರಜೆಗಳನ್ನು ವಿಮಾನ ಹತ್ತುವ ಮೊದಲೇ ಪರಿಶೀಲಿಸಿ ಕೊಡುವ ವಿದ್ಯುನ್ಮಾನ ಅನುಮತಿಗೆ ಇಟಿಎ ಎನ್ನುತ್ತಾರೆ. ಅಮೆರಿಕದಲ್ಲಿ ಇದರ ಹೆಸರು ಎಸ್ಟಾ. ಅಲ್ಲಿ 2009ರ ಜನವರಿಯಿಂದ ಕಡ್ಡಾಯವಾಗಿದೆ. ಕೆನಡಾ 2016ರಲ್ಲಿ, ನ್ಯೂಜಿಲೆಂಡ್ 2019ರಲ್ಲಿ ಇದೇ ಕ್ರಮಕ್ಕೆ ಬಂದವು. ಬ್ರಿಟನ್ 2023ರ ನವೆಂಬರಿನಲ್ಲಿ ಕತಾರ್ ಪ್ರಜೆಗಳಿಂದ ಆರಂಭಿಸಿ, 2025ರ ಜನವರಿಯಲ್ಲಿ ಅಮೆರಿಕ, ಕೆನಡಾ, ಆಸ್ಟ್ರೇಲಿಯಾದವರಿಗೂ, ಏಪ್ರಿಲಿನಲ್ಲಿ ಯುರೋಪಿನವರಿಗೂ ವಿಸ್ತರಿಸಿತು.

ಇಲ್ಲಿ ಲೆಕ್ಕಕ್ಕೆ ಬರುವುದು ಪೌರತ್ವವೇ ಹೊರತು ವಾಸಸ್ಥಳವಲ್ಲ. ಇಪ್ಪತ್ತು ವರ್ಷದಿಂದ ದುಬೈಯಲ್ಲಿರುವ ಭಟ್ಕಳದವರ ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದರೆ, ಯುಎಇ ಪ್ರಜೆಗೆ ಸಿಗುವ ಬ್ರಿಟನ್ನಿನ ಇಟಿಎ ಅವರಿಗೆ ಸಿಗುವುದಿಲ್ಲ. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಒಸಿಐ ಕಾರ್ಡ್ ಭಾರತದ ಬಾಗಿಲು ತೆರೆಯುತ್ತದೆ, ಬೇರೆ ದೇಶಗಳದ್ದಲ್ಲ. ಹೊರದೇಶಕ್ಕೆ ಹೋಗುವಾಗ ಅದರ ಜೊತೆಗಿರುವ ವಿದೇಶಿ ಪಾಸ್‌ಪೋರ್ಟನ್ನೇ ನೋಡಬೇಕು. ವಾಸದ ದಾಖಲೆಗೆ ಬೆಲೆಯಿರುವ ಅಪವಾದವೂ ಒಂದಿದೆ: ಅಮೆರಿಕದ ಗ್ರೀನ್ ಕಾರ್ಡ್ ಇರುವ ಭಾರತೀಯರು ಪಾಸ್‌ಪೋರ್ಟ್ ಮತ್ತು ಆ ಕಾರ್ಡ್ ಎರಡನ್ನೂ ತೋರಿಸಿ, ವೀಸಾ ಅಥವಾ ಇಟಿಎ ಇಲ್ಲದೆ ಕೆನಡಾಕ್ಕೆ ಹೋಗಬಹುದು. ಭಾರತದ ಪಾಸ್‌ಪೋರ್ಟಿಗೇ ಇಂಥ ಮುಂಗಡ ಅನುಮತಿ ಕೊಡುವ ದೇಶಗಳ ಪೈಕಿ ಕೆನ್ಯಾ ಮತ್ತು ಸೇಶೆಲ್ಸ್ ಇವೆ. ಹೀಗಾಗಿ ಕುಟುಂಬಕ್ಕೆಲ್ಲ ಒಟ್ಟಿಗೆ ಯೋಚಿಸದೆ, ಎಲ್ಲರ ಪಾಸ್‌ಪೋರ್ಟುಗಳನ್ನು ಮೇಜಿನ ಮೇಲಿಟ್ಟು, ಒಬ್ಬೊಬ್ಬರಿಗೆ ಏನು ಬೇಕೆಂದು ಬರೆದುಕೊಳ್ಳುವುದೇ ಮೊದಲ ಕೆಲಸ. ಹಸುಗೂಸಿಗೂ ಪ್ರತ್ಯೇಕ ಅರ್ಜಿ ಬೇಕು.

ಅರ್ಜಿಯನ್ನು ಆಯಾ ದೇಶದ ಸರ್ಕಾರಿ ತಾಣದಲ್ಲಿ ಅಥವಾ ಸರ್ಕಾರದ್ದೇ ಆ್ಯಪ್‌ನಲ್ಲಿ ಸಲ್ಲಿಸಬೇಕು. ಬ್ರಿಟನ್ನಿನ ವಿಳಾಸ ‘ಗವ್ ಡಾಟ್ ಯುಕೆ’ ಎಂದೂ, ಅಮೆರಿಕದ್ದು ‘ಡಾಟ್ ಗವ್’ ಎಂದೂ ಮುಗಿಯುತ್ತದೆ. ಹುಡುಕಿದಾಗ ಮೇಲೆ ಕಾಣುವ ಜಾಹೀರಾತಿನ ತಾಣಗಳು ಹೆಚ್ಚಾಗಿ ಮಧ್ಯವರ್ತಿಗಳವು. ನಮ್ಮ ನೆಂಟರೊಬ್ಬರು ಅಂಥದ್ದೊಂದರಲ್ಲಿ ನಿಜವಾದ ಶುಲ್ಕದ ನಾಲ್ಕು ಪಟ್ಟು ತೆತ್ತರು. ಬ್ರಿಟನ್ನಿನ ಶುಲ್ಕ 2025ರ ಏಪ್ರಿಲಿನಲ್ಲಿ 10ರಿಂದ 16 ಪೌಂಡಿಗೆ, ಎಸ್ಟಾದ್ದು ಅದೇ ವರ್ಷದ ಸೆಪ್ಟೆಂಬರ್ 30ರಂದು 21ರಿಂದ 40 ಡಾಲರಿಗೆ ಏರಿತು. ಶುಲ್ಕ ಹೀಗೆ ಬದಲಾಗುತ್ತಲೇ ಇರುವುದರಿಂದ ಅರ್ಜಿಯ ದಿನ ಸರ್ಕಾರಿ ತಾಣ ತೋರಿಸುವ ಮೊತ್ತವನ್ನೇ ನಂಬಬೇಕು. ಭಾರತದ ಬ್ಯಾಂಕ್ ಕಾರ್ಡಿನಿಂದ ಪಾವತಿಸುವವರು ವಿದೇಶಿ ವ್ಯವಹಾರದ ಸೌಲಭ್ಯವನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಮೊದಲೇ ತೆರೆದಿಟ್ಟುಕೊಳ್ಳಬೇಕು. ರಿಸರ್ವ್ ಬ್ಯಾಂಕಿನ 2020ರ ನಿಯಮದ ಪ್ರಕಾರ ಹೊಸ ಕಾರ್ಡುಗಳಲ್ಲಿ ಅದು ಮುಚ್ಚಿಯೇ ಇರುತ್ತದೆ.

ತಪ್ಪುಗಳು ಹೆಚ್ಚು ನುಸುಳುವುದು ಹೆಸರು ಮತ್ತು ಪಾಸ್‌ಪೋರ್ಟ್ ಸಂಖ್ಯೆಯಲ್ಲಿ. ನಮ್ಮಲ್ಲಿ ‘ಹೆಗಡೆ’ಯನ್ನೇ ಇಂಗ್ಲಿಷಿನಲ್ಲಿ ಒಬ್ಬರು ‘ಎ’ ಅಕ್ಷರ ಸೇರಿಸಿ, ಇನ್ನೊಬ್ಬರು ಅದನ್ನು ಬಿಟ್ಟು ಬರೆಯುತ್ತಾರೆ. ಕೆಲವರಿಗೆ ಇನಿಷಿಯಲ್ ಮಾತ್ರ, ಕೆಲವರಿಗೆ ಊರಿನ ಹೆಸರೂ ಸೇರಿರುತ್ತದೆ. ಯಾವುದು ಸರಿ ಎಂಬ ಚರ್ಚೆ ಇಲ್ಲಿ ಬೇಡ, ಪಾಸ್‌ಪೋರ್ಟಿನಲ್ಲಿ ಇದ್ದದ್ದೇ ಸರಿ. ಫೋಟೋ ಇರುವ ಪುಟದ ತಳದಲ್ಲಿ ತಲಾ 44 ಚಿಹ್ನೆಗಳ ಎರಡು ಸಾಲುಗಳಿವೆ. ಮೇಲಿನ ಸಾಲಿನಲ್ಲಿ ದೇಶದ ಸಂಕೇತದ ನಂತರ ಕುಲನಾಮ, ಆಮೇಲೆ ಎರಡು ಬಾಣದ ಗುರುತು, ಆಮೇಲೆ ಹೆಸರು ಬರುತ್ತವೆ. ಕೆಳಗಿನ ಸಾಲು ಪಾಸ್‌ಪೋರ್ಟ್ ಸಂಖ್ಯೆಯಿಂದ ಆರಂಭವಾಗುತ್ತದೆ. ಸೊನ್ನೆಯನ್ನು ‘ಓ’ ಅಕ್ಷರವೆಂದು ಓದಿ ಸಲ್ಲಿಸಿದರೆ ಅನುಮತಿ ಬಂದರೂ ಅದು ನಿಮ್ಮ ಪಾಸ್‌ಪೋರ್ಟಿಗೆ ಹೊಂದುವುದಿಲ್ಲ. ಎಸ್ಟಾದಲ್ಲಿ ಇದಕ್ಕೆ ತಿದ್ದುಪಡಿ ಇಲ್ಲ, ಹೊಸ ಅರ್ಜಿ, ಹೊಸ ಶುಲ್ಕ.

ಬ್ರಿಟನ್ನಿನ ಆ್ಯಪ್ ಆ ಪುಟದ ಚಿತ್ರ ತೆಗೆದು, ಪಾಸ್‌ಪೋರ್ಟಿನಲ್ಲಿರುವ ಚಿಪ್ಪನ್ನೂ ಓದುತ್ತದೆ. ಮಳೆಗಾಲದ ಮಧ್ಯಾಹ್ನ ಮಲೆನಾಡಿನ ಮನೆಯೊಳಗೆ ಬೆಳಕು ಸಾಲದು, ಟ್ಯೂಬ್‌ಲೈಟ್ ಹಾಕಿದರೆ ನುಣುಪಾದ ಪುಟದ ಮೇಲೆ ಬಿಳಿ ಗೆರೆ ಹೊಳೆದು ಅಕ್ಷರ ಅಳಿಸಿಹೋಗುತ್ತದೆ. ನಾವು ಕೊನೆಗೆ ಜಗಲಿಯಲ್ಲಿ ಕಪ್ಪು ಕಂಬಳಿ ಹಾಸಿ, ಅದರ ಮೇಲೆ ಪಾಸ್‌ಪೋರ್ಟ್ ಇಟ್ಟು ತೆಗೆದ ಚಿತ್ರವೇ ಒಪ್ಪಿಗೆಯಾಯಿತು. ಚಿಪ್ ಓದಿಸುವಾಗ ಪಾಸ್‌ಪೋರ್ಟಿನ ಪ್ಲಾಸ್ಟಿಕ್ ಹೊದಿಕೆ ತೆಗೆದು, ಮೊಬೈಲನ್ನು ಅಲುಗಾಡಿಸದೆ ಅದರ ಮೇಲೆ ಇಡಬೇಕು.

ಇಮೇಲ್ ಕೇಳುವಲ್ಲಿ ಝೆರಾಕ್ಸ್ ಅಂಗಡಿಯವರದ್ದನ್ನು ಕೊಡದೆ ನೀವು ನಿತ್ಯ ತೆರೆಯುವುದನ್ನೇ ಕೊಡಿ, ಏಕೆಂದರೆ ಹೆಚ್ಚಿನ ದಾಖಲೆ ಕೇಳಿದರೂ ಆ ಪತ್ರ ಅಲ್ಲಿಗೇ ಬರುತ್ತದೆ. ಹಲವರಿಗೆ ಉತ್ತರ ನಿಮಿಷಗಳಲ್ಲಿ ಸಿಗುತ್ತದೆ. ಆದರೂ ಬ್ರಿಟನ್ 3 ಕೆಲಸದ ದಿನಗಳನ್ನು, ಎಸ್ಟಾ 72 ಗಂಟೆಗಳನ್ನು ಹೇಳುವುದರಿಂದ, ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತುವ ದಿನ ಅರ್ಜಿ ಹಾಕುವ ಧೈರ್ಯ ಬೇಡ. ಚೆಕ್-ಇನ್ ಕೌಂಟರಿನಲ್ಲಿ ಅನುಮತಿ ಕಾಣದಿದ್ದರೆ ವಿಮಾನ ಹತ್ತಿಸುವುದಿಲ್ಲ.

ಬ್ರಿಟನ್ನಿನ ಇಟಿಎ ಮತ್ತು ಎಸ್ಟಾ ಎರಡು ವರ್ಷ, ಕೆನಡಾದ್ದು ಐದು ವರ್ಷ ನಡೆಯುತ್ತವೆ. ಅಷ್ಟರೊಳಗೆ ಪಾಸ್‌ಪೋರ್ಟ್ ಬದಲಾದರೆ ಅನುಮತಿಯನ್ನೂ ಹೊಸದಾಗಿ ಪಡೆಯಬೇಕು. ಮಕ್ಕಳ ಪಾಸ್‌ಪೋರ್ಟ್ ಬೇಗ ಮುಗಿಯುವುದರಿಂದ ಇದು ಅವರ ವಿಷಯದಲ್ಲೇ ಹೆಚ್ಚಾಗಿ ಮರೆತುಹೋಗುತ್ತದೆ. ಅನುಮತಿಯ ಅವಧಿಯೇ ಉಳಿಯುವ ಅವಧಿಯಲ್ಲ: ಎಸ್ಟಾದಲ್ಲಿ ಹೋದವರು ಒಮ್ಮೆಗೆ 90 ದಿನ, ಬ್ರಿಟನ್ನಿಗೆ ಹೋದವರು ಆರು ತಿಂಗಳವರೆಗೆ ಮಾತ್ರ ಇರಬಹುದು, ಒಳಗೆ ಬಿಡುವ ಅಂತಿಮ ತೀರ್ಮಾನ ಅಲ್ಲಿನ ಗಡಿ ಅಧಿಕಾರಿಯದು.