ನುಡಿ ಫೈಲಿನಲ್ಲಿರುವ ಪ್ರಶ್ನೆಪತ್ರಿಕೆ ಮೊಬೈಲ್ ಕ್ವಿಜ್ ಆಗುವ ಬಗೆ

ಗೂಗಲ್ ಫಾರ್ಮ್‌ನಲ್ಲಿ ಹತ್ತು ಪ್ರಶ್ನೆಗಳ ಕ್ವಿಜ್ ಮಾಡುವುದು ಅರ್ಧ ಗಂಟೆಯ ಕೆಲಸ. ಮಂಡ್ಯ, ಮದ್ದೂರು, ಪಾಂಡವಪುರ ಕಡೆಯ ಶಾಲೆಗಳಲ್ಲಿ ಅದೇ ಕೆಲಸ ವಾರಗಟ್ಟಲೆ ನಿಂತುಹೋಗುವುದನ್ನು ನೋಡಬಹುದು. ಟೂಲ್ ಕಷ್ಟವೆಂದು ನಿಲ್ಲುವುದಿಲ್ಲ. ವರ್ಷಾನುಗಟ್ಟಲೆ ಕೂಡಿಟ್ಟ ಪ್ರಶ್ನೆಪತ್ರಿಕೆಗಳೆಲ್ಲ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿವೆ, ಫಾರ್ಮ್‌ಗೆ ಅಂಟಿಸಿದ ಕೂಡಲೇ ಅಕ್ಷರ ಚೆಲ್ಲಾಪಿಲ್ಲಿಯಾಗುತ್ತದೆ. ಅಲ್ಲಿಗೆ ಶಿಕ್ಷಕರು ಕೈಬಿಡುತ್ತಾರೆ, ಇಲ್ಲವೇ ಪ್ರಶ್ನೆಪತ್ರಿಕೆಯ ಫೋಟೊ ತೆಗೆದು ಅದನ್ನೇ ಫಾರ್ಮ್‌ಗೆ ಹಾಕುತ್ತಾರೆ. ಫೋಟೊ ಹಾಕಬೇಡಿ. ಆರು ಇಂಚಿನ ಪರದೆಯಲ್ಲಿ ಎ4 ಹಾಳೆಯ ಅಕ್ಷರ ಮಕ್ಕಳಿಗೆ ಕಾಣುವುದಿಲ್ಲ, ನಿಧಾನ ನೆಟ್‌ನಲ್ಲಿ ಚಿತ್ರ ತೆರೆದುಕೊಳ್ಳುವುದೂ ಇಲ್ಲ.

ಆದ್ದರಿಂದ ಮೊದಲು ಕನ್ನಡ ಪಠ್ಯವನ್ನು ಸರಿಮಾಡಿಕೊಳ್ಳಿ, ಫಾರ್ಮ್ ತೆರೆಯುವುದು ಆಮೇಲೆ.

ಹಂತ 1: ಪಠ್ಯವನ್ನು ಯೂನಿಕೋಡ್‌ಗೆ ತರುವುದು

ಹಳೆಯ ನುಡಿ ಫೈಲಿನಲ್ಲಿ ಕಂಪ್ಯೂಟರ್ ಉಳಿಸಿಕೊಂಡಿರುವುದು ಕನ್ನಡ ಅಕ್ಷರಗಳನ್ನಲ್ಲ. ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ತಲೆಯ ಮೇಲೆ ಗೆರೆಯಿರುವ ಯುರೋಪಿನ ಅಕ್ಷರ ಇವುಗಳಿಗೆ ಫಾಂಟ್ ಕನ್ನಡದ ವೇಷ ಹಾಕಿರುತ್ತದೆ, ಅಷ್ಟೆ. ಫಾಂಟ್ ಇಲ್ಲದ ಕಡೆ ವೇಷ ಕಳಚುತ್ತದೆ. ಯೂನಿಕೋಡ್‌ನಲ್ಲಿ ಹಾಗಲ್ಲ, 'ಕ' ಎಂಬುದಕ್ಕೆ ಅದರದೇ ಸಂಖ್ಯೆ ಇದೆ, ಯಾವ ಮೊಬೈಲಿನಲ್ಲಿ ತೆರೆದರೂ 'ಕ' ಆಗಿಯೇ ಕಾಣುತ್ತದೆ.

ನಿಮ್ಮ ಫೈಲ್ ಯಾವುದೆಂದು ತಿಳಿಯಲು ಒಂದು ಸಾಲನ್ನು ಕಾಪಿ ಮಾಡಿ ನಿಮಗೇ ವಾಟ್ಸ್‌ಆ್ಯಪ್ ಕಳಿಸಿಕೊಳ್ಳಿ. ಕನ್ನಡವಾಗಿ ಬಂದರೆ ಯೂನಿಕೋಡ್, ಈ ಹಂತ ಬಿಟ್ಟು ಮುಂದೆ ಹೋಗಿ. ಪೌಂಡ್ ಚಿಹ್ನೆಗಳ ಜಾತ್ರೆಯಾಗಿ ಬಂದರೆ ಪರಿವರ್ತಕ ಬೇಕು. ನುಡಿ ಮತ್ತು ಬರಹ ತಂತ್ರಾಂಶಗಳ ಜೊತೆಯಲ್ಲೇ ಪರಿವರ್ತಕ ಬರುತ್ತದೆ, ವೆಬ್‌ನಲ್ಲಿ ಉಚಿತ ಪರಿವರ್ತಕಗಳೂ ಸಿಗುತ್ತವೆ. ಜಾಹೀರಾತು ತುಂಬಿಕೊಂಡು, 'ಡೌನ್‌ಲೋಡ್' ಎಂಬ ಮೂರು ಗುಂಡಿ ತೋರಿಸುವ ತಾಣಗಳಿಗೆ ಹೋಗಬೇಡಿ. ಪಠ್ಯ ಅಂಟಿಸಿ ಫಲಿತಾಂಶ ಕಾಪಿ ಮಾಡಿಕೊಳ್ಳುವ ಕೆಲಸಕ್ಕೆ ಯಾವ ಡೌನ್‌ಲೋಡೂ ಬೇಕಿಲ್ಲ.

ಇಡೀ ಪತ್ರಿಕೆಯನ್ನು ಒಂದೇ ಸಲ ಪರಿವರ್ತಿಸಬೇಡಿ. ಕೆಡುವುದು ಇಲ್ಲೇ. ವರ್ಡ್ ಫೈಲಿನಲ್ಲಿ ಕನ್ನಡ ನುಡಿ ಫಾಂಟಿನಲ್ಲೂ ಇಂಗ್ಲಿಷ್ ಬೇರೆ ಫಾಂಟಿನಲ್ಲೂ ಇರುತ್ತದೆ. ಕಾಪಿ ಮಾಡಿದಾಗ ಫಾಂಟಿನ ಮಾಹಿತಿ ಕಳೆದುಹೋಗಿ, ಪರಿವರ್ತಕಕ್ಕೆ ಎರಡೂ ಒಂದೇ ಆಗಿ ಕಾಣುತ್ತವೆ. ಆಯ್ಕೆಗಳಿಗೆ ಇಂಗ್ಲಿಷಿನ ಎ, ಬಿ, ಸಿ, ಡಿ ದೊಡ್ಡಕ್ಷರ ಹಾಕಿದ್ದರೆ ಅವು ಅನುಸ್ವಾರ, ವಿಸರ್ಗ, ಅ, ಆ ಆಗಿ ಹೊರಬರುತ್ತವೆ. ರಾಸಾಯನಿಕ ಸೂತ್ರ, ಜೀವಿಗಳ ವೈಜ್ಞಾನಿಕ ಹೆಸರು, ಆವರಣದೊಳಗಿನ ಇಂಗ್ಲಿಷ್ ಪದಗಳಿಗೂ ಇದೇ ಗತಿ. ಹೀಗೆ ಮಾಡಿ: ಮೊದಲೇ ಇಂಗ್ಲಿಷ್ ಭಾಗಗಳನ್ನು ಅಳಿಸಿ, ಆ ಜಾಗದಲ್ಲಿ ಮೂರು ನಕ್ಷತ್ರ ಚಿಹ್ನೆ ಇಟ್ಟುಕೊಳ್ಳಿ. ಪರಿವರ್ತನೆಯಾದ ಮೇಲೆ ನಕ್ಷತ್ರ ಹುಡುಕಿ ಇಂಗ್ಲಿಷ್ ಸೇರಿಸಿ. ಹತ್ತು ಹತ್ತು ಪ್ರಶ್ನೆಗಳಂತೆ ಸಾಗಿದರೆ ತಪ್ಪು ಕಣ್ಣಿಗೆ ಬೀಳುತ್ತದೆ.

ಹೊರಬಂದ ಪಠ್ಯದಲ್ಲಿ ಮೂರು ಕಡೆ ನೋಡಲೇಬೇಕು.

ಒಂದು, ಅರ್ಕಾವತ್ತು. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತನ್ನು ವ್ಯಂಜನದ ನಂತರ ಒತ್ತುತ್ತಿದ್ದರು, ಯೂನಿಕೋಡ್‌ನಲ್ಲಿ 'ರ್' ಮೊದಲು ಬರಬೇಕು. ಈ ಸ್ಥಾನಪಲ್ಲಟ ಗೊತ್ತಿಲ್ಲದ ಪರಿವರ್ತಕ ಕರ್ನಾಟಕವನ್ನು 'ಕನಾರ್ಟಕ' ಮಾಡುತ್ತದೆ, ವರ್ಷವನ್ನು 'ವಷರ್', ಸೂರ್ಯನನ್ನು 'ಸೂಯರ್' ಮಾಡುತ್ತದೆ. 'ಕನಾರ್ಟಕ' ಒಮ್ಮೆ ಕಂಡರೂ ಆ ಪರಿವರ್ತಕವನ್ನೇ ಬಿಟ್ಟು ಬೇರೆಯದನ್ನು ಹಿಡಿಯಿರಿ, ಒಂದೊಂದೇ ಪದ ತಿದ್ದುತ್ತ ಕೂರಬೇಡಿ.

ಎರಡು, ಸೊನ್ನೆ. 'ಮಂಡ್ಯ' ಮತ್ತು 'ಮ೦ಡ್ಯ' ಇವೆರಡನ್ನೂ ಗಮನವಿಟ್ಟು ನೋಡಿ. ಮೊದಲನೆಯದರಲ್ಲಿ ಇರುವುದು ಅನುಸ್ವಾರ, ಎರಡನೆಯದರಲ್ಲಿ ಕನ್ನಡ ಅಂಕಿ ಸೊನ್ನೆ. ಕಣ್ಣಿಗೆ ಹೆಚ್ಚುಕಡಿಮೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಅಂಕಿಯಿರುವ ಪದ ಹುಡುಕಿದರೆ ಸಿಗುವುದಿಲ್ಲ, ಉತ್ತರದ ಕೀಲಿಯಲ್ಲಿದ್ದರೆ ಸರಿಯುತ್ತರ ಬರೆದ ಮಗುವಿಗೂ ಅಂಕ ಬರುವುದಿಲ್ಲ. ಫೈಂಡ್ ಆ್ಯಂಡ್ ರಿಪ್ಲೇಸ್‌ನಲ್ಲಿ ಅಂಕಿ ಸೊನ್ನೆಯನ್ನು ಅನುಸ್ವಾರಕ್ಕೆ ಬದಲಿಸಿ. ಆದರೆ ಪತ್ರಿಕೆಯಲ್ಲಿ ಇಸವಿಗಳು ಕನ್ನಡ ಅಂಕಿಯಲ್ಲಿದ್ದರೆ ಒಟ್ಟಿಗೆ ಬದಲಿಸಬಾರದು, ೧೯೦೨ ಹಾಳಾಗುತ್ತದೆ. ಒಂದೊಂದಾಗಿ ಒಪ್ಪಿಗೆ ಕೊಡುತ್ತ ಹೋಗಿ.

ಮೂರು, ಬಿಡಿಸಿ ಬರೆಯಬೇಕಾದ ಒತ್ತಕ್ಷರಗಳು. 'ಸಾಫ್ಟ್‌ವೇರ್' ಎಂಬುದು ಒತ್ತು ಕೆಳಗಿಳಿದು 'ಸಾಫ್ಟ್ವೇರ್' ಆಗಿರುತ್ತದೆ, 'ರ‍್ಯಾಂಕ್' ಎಂಬುದು 'ರ್ಯಾಂಕ್' ಆಗಿರುತ್ತದೆ. ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಬಿಟ್ಟುಹೋಗಿರುವುದೇ ಕಾರಣ. ಸರಿಯಾಗಿ ಬರೆದ ಪದವನ್ನು ಬೇರೆ ಕಡೆಯಿಂದ ಕಾಪಿ ಮಾಡಿ ಅಂಟಿಸುವುದೇ ಸುಲಭ.

ಮುದ್ರಿತ ಹಾಳೆ ಮಾತ್ರ ಇದ್ದರೆ ನೇರವಾಗಿ ಮೇಲಿನಿಂದ ಫೋಟೊ ತೆಗೆದು ಗೂಗಲ್ ಡ್ರೈವ್‌ಗೆ ಹಾಕಿ, ಅಲ್ಲಿಂದ 'ಓಪನ್ ವಿತ್ ಗೂಗಲ್ ಡಾಕ್ಸ್' ಕೊಡಿ. ಚಿತ್ರದ ಕೆಳಗೆ ಕನ್ನಡ ಪಠ್ಯ ಬರುತ್ತದೆ. ಅಂಕಿಗಳನ್ನೂ, ಪ, ಷ, ವ ಅಕ್ಷರಗಳನ್ನೂ ಮೂಲದೊಂದಿಗೆ ಹೋಲಿಸಿ ನೋಡಿ, ಅವೇ ತಪ್ಪುವುದು.

ಇನ್ನು ಮುಂದೆ ಹೊಸ ಪ್ರಶ್ನೆಗಳನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಬೆರಳಿಗೆ ನುಡಿ ಕೀಲಿಮಣೆ ರೂಢಿಯಾಗಿದ್ದರೆ ನುಡಿಯಲ್ಲೇ ಯೂನಿಕೋಡ್ ಆಯ್ಕೆಯಿದೆ, ಅದನ್ನು ಒತ್ತಿದರೆ ಸಾಕು, ಬೆರಳಿನ ಅಭ್ಯಾಸ ಬದಲಿಸಬೇಕಿಲ್ಲ. ಹೊಸದಾಗಿ ಕಲಿಯುವವರಿಗೆ ವಿಂಡೋಸ್ 10 ಮತ್ತು 11ರಲ್ಲಿ ಕನ್ನಡ ಭಾಷೆ ಸೇರಿಸಿಕೊಂಡರೆ ಫೊನೆಟಿಕ್ ಕೀಲಿಮಣೆಯೂ ಸಿಗುತ್ತದೆ. ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಕನ್ನಡ, ಮತ್ತೊಮ್ಮೆ ಒತ್ತಿದರೆ ಇಂಗ್ಲಿಷ್.

ಹಂತ 2: ತಪ್ಪು ಉತ್ತರಗಳನ್ನು ಆರಿಸುವುದು

ಸರಿಯುತ್ತರ ಎಲ್ಲರಿಗೂ ಗೊತ್ತು. ಜಾಣ್ಮೆ ಬೇಕಿರುವುದು ಉಳಿದ ಮೂರು ಆಯ್ಕೆಗಳಿಗೆ. 'ಕೆ.ಆರ್.ಎಸ್. ಜಲಾಶಯಕ್ಕೆ ನೀರು ತರುವ ಉಪನದಿ ಯಾವುದು?' ಎಂಬ ಪ್ರಶ್ನೆಗೆ ಹೇಮಾವತಿ, ಗಂಗಾ, ನರ್ಮದಾ, ಗೋದಾವರಿ ಎಂದು ಕೊಟ್ಟರೆ ಓದದ ಮಗುವೂ ಹೇಮಾವತಿ ಒತ್ತುತ್ತದೆ, ನಿಮಗೆ ಏನೂ ತಿಳಿಯುವುದಿಲ್ಲ. ಹೇಮಾವತಿ, ಕಬಿನಿ, ಶಿಂಷಾ, ಅರ್ಕಾವತಿ ಕೊಡಿ. ನಾಲ್ಕೂ ಕಾವೇರಿ ಸೇರುವ ನದಿಗಳೇ. ಕಬಿನಿ ಸೇರುವುದು ತಿ. ನರಸೀಪುರದಲ್ಲಿ, ಅಂದರೆ ಅಣೆಕಟ್ಟೆ ದಾಟಿದ ಮೇಲೆ. ಶಿಂಷಾ, ಅರ್ಕಾವತಿ ಇನ್ನೂ ಕೆಳಗೆ. ಕಬಿನಿ ಒತ್ತಿದ ಮಗುವಿಗೆ ನದಿಗಳ ಹೆಸರು ಗೊತ್ತು, ಹರಿವಿನ ದಿಕ್ಕು ಗೊತ್ತಿಲ್ಲ. ಮದ್ದೂರಿನ ಮಗು ಶಿಂಷಾ ಒತ್ತಿದರೆ ತನ್ನೂರ ನದಿಯ ಹೆಸರು ಕಂಡು ಒತ್ತಿರಬಹುದು. ತಪ್ಪು ಉತ್ತರವೇ ನಾಳೆ ಏನು ಹೇಳಿಕೊಡಬೇಕೆಂದು ತಿಳಿಸುತ್ತದೆ.

ಹಾಗೆಯೇ '1902ರಲ್ಲಿ ಶಿವನಸಮುದ್ರದ ವಿದ್ಯುತ್ ಮೊದಲು ತಲುಪಿದ್ದು ಎಲ್ಲಿಗೆ?' ಎಂದರೆ ಕೋಲಾರದ ಚಿನ್ನದ ಗಣಿಯ ಜೊತೆ ಬೆಂಗಳೂರನ್ನೂ ಮೈಸೂರನ್ನೂ ಇಡಿ. ಬೆಂಗಳೂರಿನ ಬೀದಿದೀಪ ಬೆಳಗಿದ್ದು 1905ರಲ್ಲಿ. ಆ ವಿಷಯ ಅರ್ಧ ನೆನಪಿರುವವರು ಎಡವುವುದು ಅಲ್ಲೇ.

'ಮೇಲಿನ ಎಲ್ಲವೂ' ಎಂಬ ಆಯ್ಕೆಯನ್ನು ಕಿತ್ತುಹಾಕಿ. ಮುಂದೆ ಆಯ್ಕೆಗಳ ಕ್ರಮ ಕಲೆಸಿದಾಗ ಅದು ಎಲ್ಲಕ್ಕಿಂತ ಮೇಲೆ ಬಂದು ಕೂರಬಹುದು. ಎಐ ಚಾಟ್‌ಬಾಟ್‌ನಿಂದ ಪ್ರಶ್ನೆ ಬರೆಸುವವರು ಒಂದೊಂದು ಉತ್ತರವನ್ನೂ ಪಠ್ಯಪುಸ್ತಕದ ಜೊತೆ ಇಟ್ಟು ನೋಡಬೇಕು. ಸ್ಥಳೀಯ ಇತಿಹಾಸ, ನದಿ, ಇಸವಿಗಳಲ್ಲಿ ಅವು ಧೈರ್ಯವಾಗಿ ತಪ್ಪು ಹೇಳುತ್ತವೆ.

ಹಂತ 3: ಫಾರ್ಮ್ ಕಟ್ಟುವುದು

ಹೊಸ ಫಾರ್ಮ್ ತೆರೆದು ಸೆಟ್ಟಿಂಗ್ಸ್‌ನಲ್ಲಿ 'ಮೇಕ್ ದಿಸ್ ಎ ಕ್ವಿಜ್' ಆನ್ ಮಾಡಿ, ಪ್ರಶ್ನೆ ಅಂಟಿಸಿ, 'ಆನ್ಸರ್ ಕೀ' ಒತ್ತಿ ಸರಿಯುತ್ತರಕ್ಕೆ ಗುರುತು ಹಾಕಿ ಅಂಕ ಕೊಡಿ. ನಾಲ್ಕು ಆಯ್ಕೆಗಳನ್ನು ನಾಲ್ಕು ಸಾಲಾಗಿ ಕಾಪಿ ಮಾಡಿ ಮೊದಲ ಆಯ್ಕೆಯ ಜಾಗದಲ್ಲಿ ಅಂಟಿಸಿದರೆ ನಾಲ್ಕು ಆಯ್ಕೆಗಳಾಗಿ ತಾವೇ ಬಿಡಿಯಾಗುತ್ತವೆ.

ಮೊದಲ ಪ್ರಶ್ನೆಯಾಗಿ ಹೆಸರು ಬರೆಸಬೇಡಿ. ಒಂದೇ ಮಗು ಒಂದು ಸಲ ಇಂಗ್ಲಿಷಿನಲ್ಲಿ, ಒಂದು ಸಲ ಕನ್ನಡದಲ್ಲಿ, ಇನ್ನೊಂದು ಸಲ ಇನಿಶಿಯಲ್ ಸೇರಿಸಿ ಬರೆದರೆ ಅಂಕಪಟ್ಟಿ ಹೊಂದಿಸುವಷ್ಟರಲ್ಲಿ ಸಂಜೆಯಾಗುತ್ತದೆ. ಡ್ರಾಪ್‌ಡೌನ್‌ನಲ್ಲಿ 1ರಿಂದ 60ರವರೆಗೆ ಹಾಜರಿ ಸಂಖ್ಯೆ ಕೊಡಿ. ಎಕ್ಸೆಲ್ ಕಾಲಂನಿಂದ ಕಾಪಿ ಮಾಡಿದರೆ ಅದೂ ಒಂದೇ ಪೆಟ್ಟಿಗೆ ಬರುತ್ತದೆ.

ಮಲ್ಟಿಪಲ್ ಚಾಯ್ಸ್ ಮಾತ್ರ ಬಳಸಿ. ಚೆಕ್‌ಬಾಕ್ಸ್ ಪ್ರಶ್ನೆಯಲ್ಲಿ ಮೂರರಲ್ಲಿ ಎರಡು ಸರಿ ಒತ್ತಿದರೂ ತಾನಾಗಿ ಸಿಗುವುದು ಸೊನ್ನೆಯೇ. ಶಾರ್ಟ್ ಆನ್ಸರ್‌ನಲ್ಲಿ ಅಕ್ಷರಕ್ಕೆ ಅಕ್ಷರ ಹೊಂದಿದರಷ್ಟೇ ಅಂಕ. ಕೆ.ಆರ್.ಎಸ್.ನ ಗರಿಷ್ಠ ಮಟ್ಟ 124.80 ಅಡಿ ಎಂಬುದಕ್ಕೆ '124.8', '124.80', '124.80 ಅಡಿ', '೧೨೪.೮೦' ಎಲ್ಲವೂ ಸರಿ, ಆದರೆ ಕೀಲಿಯಲ್ಲಿ ಒಂದನ್ನೇ ಕೊಟ್ಟಿದ್ದರೆ ಮೂವರು ಅನ್ಯಾಯವಾಗಿ ಅಂಕ ಕಳೆದುಕೊಳ್ಳುತ್ತಾರೆ. ಕೇಳಲೇಬೇಕಿದ್ದರೆ ಎಲ್ಲ ರೂಪಗಳನ್ನೂ ಕೀಲಿಗೆ ಸೇರಿಸಿ.

ಪ್ರತಿ ಪ್ರಶ್ನೆಯ ಮೂರು ಚುಕ್ಕೆ ಒತ್ತಿ 'ಶಫಲ್ ಆಪ್ಷನ್ ಆರ್ಡರ್' ಆನ್ ಮಾಡಿ. ಪಕ್ಕದವರ ಪರದೆ ನೋಡಿ 'ಎರಡನೆಯದು' ಎಂದು ಒತ್ತುವುದು ನಿಲ್ಲುತ್ತದೆ.

ಹಂತ 4: ಲಿಂಕ್ ಕಳಿಸುವ ಮೊದಲು

ಈ ಸೆಟ್ಟಿಂಗ್‌ಗಳು ತಪ್ಪಿದರೆ ಬೆಳಿಗ್ಗೆ ಒಂಬತ್ತೂವರೆಗೆ ಇಡೀ ತರಗತಿ 'ಸರ್, ಓಪನ್ ಆಗ್ತಿಲ್ಲ' ಎನ್ನುತ್ತದೆ. 'ಪಬ್ಲಿಶ್' ಒತ್ತುವಾಗ ರೆಸ್ಪಾಂಡರ್ಸ್ ಎಂಬಲ್ಲಿ 'ಎನಿಒನ್ ವಿತ್ ದ ಲಿಂಕ್' ಇದೆಯೇ ನೋಡಿ. ಸಂಸ್ಥೆಯ ಇಮೇಲ್ ಖಾತೆಯಿಂದ ಮಾಡಿದ ಫಾರ್ಮ್ ಎಷ್ಟೋ ಸಲ ಆ ಸಂಸ್ಥೆಯೊಳಗಿನವರಿಗೆ ಮಾತ್ರ ತೆರೆದುಕೊಳ್ಳುತ್ತದೆ.

'ಲಿಮಿಟ್ ಟು 1 ರೆಸ್ಪಾನ್ಸ್' ಆಫ್ ಇರಲಿ. ಅದು ಆನ್ ಆದರೆ ಗೂಗಲ್ ಖಾತೆಗೆ ಸೈನ್ ಇನ್ ಆಗಲೇಬೇಕು, ಒಂದು ಖಾತೆಗೆ ಒಂದೇ ಉತ್ತರ. ಅಪ್ಪನ ಒಂದೇ ಫೋನಿನಲ್ಲಿ ಅಕ್ಕ, ತಂಗಿ ಇಬ್ಬರೂ ಬರೆಯಬೇಕಾದ ಮನೆಗಳಲ್ಲಿ ಎರಡನೆಯವಳಿಗೆ ಬಾಗಿಲು ಮುಚ್ಚುತ್ತದೆ. ಯಾರೋ ಎರಡು ಸಲ ಬರೆದರೆ ಬರೆಯಲಿ, ಉತ್ತರಗಳು ಸೇರುವ ಗೂಗಲ್ ಶೀಟ್‌ನಲ್ಲಿ ವೇಳೆ ನೋಡಿ ಮೊದಲನೆಯದನ್ನು ಉಳಿಸಿಕೊಳ್ಳಿ. ಇಮೇಲ್ ಸಂಗ್ರಹವೂ ಆಫ್.

ಅಂಕ ತಕ್ಷಣ ತೋರಿಸುವಂತೆ ಇಡಿ, ಆದರೆ 'ಮಿಸ್ಡ್ ಕ್ವೆಶ್ಚನ್ಸ್' ಮತ್ತು 'ಕರೆಕ್ಟ್ ಆನ್ಸರ್ಸ್' ಎರಡರ ಗುರುತನ್ನೂ ತೆಗೆಯಿರಿ. ಇಲ್ಲದಿದ್ದರೆ ಮೊದಲು ಮುಗಿಸಿದವರ ಸ್ಕ್ರೀನ್‌ಶಾಟ್ ಐದು ನಿಮಿಷದಲ್ಲಿ ವಾಟ್ಸ್‌ಆ್ಯಪ್ ಗುಂಪಿಗೆ ಬರುತ್ತದೆ.

ಬ್ರೌಸರಿನ ವಿಳಾಸಪಟ್ಟಿಯಲ್ಲಿರುವ ವಿಳಾಸವನ್ನು ಕಳಿಸಬೇಡಿ, ಅದು ತಿದ್ದುವ ಪುಟದ್ದು. ಫಾರ್ಮ್ ಒಳಗೆ 'ಕಾಪಿ ರೆಸ್ಪಾಂಡರ್ ಲಿಂಕ್' ಒತ್ತಿ ಸಿಕ್ಕಿದ್ದನ್ನೇ ಕಳಿಸಿ. ಕೊನೆಗೆ ಮೊಬೈಲಿನಲ್ಲಿ ಇನ್‌ಕಾಗ್ನಿಟೊ ಕಿಟಕಿ (ನಿಮ್ಮ ಖಾತೆಗೆ ಸೈನ್ ಇನ್ ಆಗಿರದ ಬ್ರೌಸರ್ ಕಿಟಕಿ) ತೆರೆದು, ಮಗುವಿನಂತೆ ಒಮ್ಮೆ ಪೂರ್ತಿ ಬರೆದು ಸಬ್ಮಿಟ್ ಮಾಡಿ ನೋಡಿ, ಆಮೇಲೆ ಆ ಉತ್ತರವನ್ನು ಅಳಿಸಿ.

ಹಂತ 5: ತರಗತಿಯಲ್ಲಿ

ಒಂದೇ ಫೋನಿನ ಹಾಟ್‌ಸ್ಪಾಟ್‌ಗೆ ಇಡೀ ತರಗತಿಯನ್ನು ಸೇರಿಸಿದರೆ ಯಾರಿಗೂ ತೆರೆಯುವುದಿಲ್ಲ. ಐದೈದು ಮಂದಿಯಂತೆ ಬಿಡಿ. ಬರೆಯುವಾಗ ನೆಟ್ ಹೋದರೆ ಪುಟವನ್ನು ಮುಚ್ಚದೆ, ರಿಫ್ರೆಶ್ ಮಾಡದೆ ಕಾಯಲು ಮೊದಲೇ ಹೇಳಿ. ಸೈನ್ ಇನ್ ಆಗದವರ ಉತ್ತರ ಎಲ್ಲೂ ಉಳಿದಿರುವುದಿಲ್ಲ, ಸಬ್ಮಿಟ್ ಒತ್ತುವಾಗ ನೆಟ್ ಇರಲೇಬೇಕು.

ಮಕ್ಕಳ ಕೈಗೆ ಫೋನ್ ಕೊಡಲಾಗದ ಶಾಲೆಯಾದರೆ ಪ್ಲಿಕರ್ಸ್ ಎಂಬ ಆ್ಯಪ್ ಬಳಸಿ. ಪ್ರತಿ ಮಗುವಿಗೂ ಮುದ್ರಿಸಿದ ಒಂದು ಕಾರ್ಡ್, ಅದನ್ನು ತಿರುಗಿಸಿ ಹಿಡಿದರೆ ನಾಲ್ಕು ಬದಿಗೆ ನಾಲ್ಕು ಉತ್ತರ. ನೀವು ಒಂದೇ ಫೋನಿನ ಕ್ಯಾಮೆರಾ ತರಗತಿಯ ಉದ್ದಕ್ಕೂ ಹಾಯಿಸಿದರೆ ಎಲ್ಲರ ಉತ್ತರ ದಾಖಲಾಗುತ್ತದೆ. ಕಾರ್ಡುಗಳು ಉಚಿತ, 40ರ ಕಟ್ಟು ಮತ್ತು 63ರ ಕಟ್ಟು ಇವೆ, ಜೆರಾಕ್ಸ್ ಅಂಗಡಿಯಲ್ಲಿ ದಪ್ಪ ಹಾಳೆಗೆ ಹಾಕಿಸಿ. ಹೊಳೆಯುವ ಲ್ಯಾಮಿನೇಶನ್ ಮಾಡಿಸಲೇಬೇಡಿ, ಕಿಟಕಿಯ ಬೆಳಕು ಬಿದ್ದು ಕ್ಯಾಮೆರಾಕ್ಕೆ ಕಪ್ಪು ಆಕಾರ ಕಾಣುವುದಿಲ್ಲ. ಬೆರಳು ಕಪ್ಪು ಭಾಗದ ಮೇಲೆ ಬಂದರೂ ಓದುವುದಿಲ್ಲ, ಅಂಚು ಹಿಡಿಯುವುದನ್ನು ಮೊದಲು ಅಭ್ಯಾಸ ಮಾಡಿಸಿ.

ಆಟದಂತೆ ಕ್ವಿಜ್ ನಡೆಸುವ ಕಹೂಟ್ ಆ್ಯಪ್ ಗದ್ದಲಕ್ಕೆ ಚೆನ್ನ, ಕನ್ನಡ ಪ್ರಶ್ನೆಗೆ ಅಲ್ಲ. ಅದರಲ್ಲಿ ಮೊದಲೇ ಇಟ್ಟಿರುವ 20 ಸೆಕೆಂಡಿನಲ್ಲಿ ಎರಡು ಸಾಲಿನ ಪ್ರಶ್ನೆ ಓದಿ ಮುಗಿಸಲು ನಿಧಾನವಾಗಿ ಓದುವ ಮಗುವಿಗೆ ಆಗದು. ಬಳಸುವುದಾದರೆ 60 ಸೆಕೆಂಡಿಗೆ ಏರಿಸಿ.

ಹಂತ 6: ಉತ್ತರ ಬಂದ ಮೇಲೆ

ಉತ್ತರ ಸ್ವೀಕಾರವನ್ನು ನಿಲ್ಲಿಸಿ, 'ಲಿಂಕ್ ಟು ಶೀಟ್ಸ್' ಒತ್ತಿ. ಒಟ್ಟು ಅಂಕ ಆಮೇಲೆ ನೋಡಿದರಾಯಿತು, ಮೊದಲು ಸಮ್ಮರಿ ಪುಟದಲ್ಲಿ 'ಫ್ರೀಕ್ವೆಂಟ್ಲಿ ಮಿಸ್ಡ್ ಕ್ವೆಶ್ಚನ್ಸ್' ಎಂಬಲ್ಲಿಗೆ ಹೋಗಿ. ಅರ್ಧಕ್ಕಿಂತ ಹೆಚ್ಚು ಮಂದಿ ತಪ್ಪಿದ ಪ್ರಶ್ನೆ ಇದ್ದರೆ ಮೊದಲು ನಿಮ್ಮ ಕೀಲಿಯನ್ನೇ ಪರೀಕ್ಷಿಸಿ, ತಪ್ಪಾದ ಆಯ್ಕೆಗೆ ಗುರುತು ಬಿದ್ದಿರುವುದು ಸಾಮಾನ್ಯ. ಕೀಲಿ ಸರಿಯಿದ್ದರೆ ಎಲ್ಲರೂ ಒಂದೇ ತಪ್ಪು ಆಯ್ಕೆಗೆ ಹೋಗಿದ್ದಾರೆಯೇ ನೋಡಿ. ಹಾಗಿದ್ದರೆ ಅದು ಒಂದೇ ತಪ್ಪು ತಿಳಿವಳಿಕೆ. ತರಗತಿಯ ಹೆಚ್ಚಿನವರು ಕಬಿನಿಗೆ ಒತ್ತಿದ್ದರೆ ಮರುದಿನ ಮೊದಲ ಹತ್ತು ನಿಮಿಷ ಕಪ್ಪುಹಲಗೆಯ ಮೇಲೆ ಕಾವೇರಿಯನ್ನು ತಲಕಾವೇರಿಯಿಂದ ಎಳೆದು, ಅಣೆಕಟ್ಟೆಗೆ ಒಂದು ಗೆರೆ ಹಾಕಿ, ಗೆರೆಯ ಮೇಲೆ ಹೇಮಾವತಿಯನ್ನೂ ಲಕ್ಷ್ಮಣತೀರ್ಥವನ್ನೂ, ಕೆಳಗೆ ಕಬಿನಿಯನ್ನೂ ಮಕ್ಕಳ ಕೈಯಲ್ಲೇ ಸೇರಿಸಿಸಿ. ನಾಲ್ಕಕ್ಕೂ ಸಮನಾಗಿ ಹಂಚಿಹೋಗಿದ್ದರೆ ಮಕ್ಕಳು ಊಹಿಸಿ ಒತ್ತಿದ್ದಾರೆ, ಆ ಪಾಠವನ್ನು ಮೊದಲಿನಿಂದ ಮಾಡಿ.